ಗುಂಪು ಆಟ ಬೇಡ ಎನ್ನುವ ಮಗುವಿಗೆ ಶಾಲೆ ಬಿಟ್ಟ ಮೇಲೆ ಏನು?

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ‘ಮಗುವಿಗೆ ಫುಟ್‌ಬಾಲೂ ಬೇಡ, ಕ್ರಿಕೆಟ್ಟೂ ಬೇಡ, ಮೈದಾನ ಅಂದರೇನೇ ಮುಖ ಸಪ್ಪಗಾಗುತ್ತದೆ. ಶಾಲೆ ಬಿಟ್ಟ ಮೇಲೆ ಯಾವುದಕ್ಕೆ ಸೇರಿಸೋಣ?’ ಹತ್ತು ತರಗತಿಗಳ ಪಟ್ಟಿ ಕೊಟ್ಟು ಕೈತೊಳೆದುಕೊಳ್ಳುವುದು ಸುಲಭ. ಆದರೆ ಹಾಗೆ ಪಟ್ಟಿ ನೋಡಿ ಆರಿಸಿದ್ದು ಬಹಳ ದಿನ ನಿಲ್ಲುವುದಿಲ್ಲ. ಗುಂಪು ಆಟ ಬೇಡ ಎನ್ನುವ ಮಕ್ಕಳಲ್ಲಿ ಒಬ್ಬನಿಗೆ ಚೆಂಡು ಬೇಡ, ಇನ್ನೊಬ್ಬಳಿಗೆ ಗದ್ದಲ ಬೇಡ, ಮತ್ತೊಬ್ಬನಿಗೆ ಸೋತ ಮೇಲೆ ಗೆಳೆಯರ ಮುಖ ನೋಡುವುದು ಬೇಡ. ಯಾವುದು ಬೇಡ ಎಂದು ತಿಳಿಯುವವರೆಗೆ ಎಲ್ಲೂ ಫೀಸು ಕಟ್ಟಬೇಡಿ.

ಇಲ್ಲಿನ ಹಂತಗಳು ಸುಮಾರು 6ರಿಂದ 14 ವರ್ಷದವರಿಗೆ ಹೊಂದುತ್ತವೆ. ಬೇಕಾಗುವುದು ಒಂದು ನೋಟ್‌ಬುಕ್, ಒಂದು ಗಡಿಯಾರ ಮತ್ತು ಎರಡು ತಿಂಗಳ ಸಹನೆ.

ಹಂತ 1: ‘ಬೇಡ’ ಎಂಬುದನ್ನು ಬಿಡಿಸಿ

‘ಯಾಕೆ ಇಷ್ಟ ಇಲ್ಲ?’ ಎಂದು ಎದುರು ಕೂರಿಸಿಕೊಂಡು ಕೇಳಿದರೆ ಬರುವ ಉತ್ತರ ‘ಸುಮ್ನೆ’. ಪ್ರಶ್ನೆಯನ್ನು ಚೂರು ಮಾಡಿ, ಕೈಯಲ್ಲಿ ಬೇರೆ ಕೆಲಸ ಇರುವಾಗ ಕೇಳಿ; ಜೊತೆಯಲ್ಲಿ ನಡೆಯುತ್ತಿರುವಾಗ, ಬಟ್ಟೆ ಮಡಚುವಾಗ. ‘ಆಟದ ಪೀರಿಯಡ್ಡಿನಲ್ಲಿ ಯಾವ ಹೊತ್ತು ಬೇಗ ಮುಗಿದರೆ ಸಾಕು ಅನ್ನಿಸುತ್ತೆ?’ ‘ಚೆಂಡು ನಿನ್ನ ಕಡೆ ಬಂದಾಗ ಏನಾಗುತ್ತೆ?’ ‘ಮೈದಾನದಲ್ಲಿ ಎಲ್ಲಿ ನಿಲ್ಲೋಕೆ ಇಷ್ಟ?’ ಕೊನೆಯ ಪ್ರಶ್ನೆಗೆ ‘ಗೋಡೆ ಹತ್ತಿರ’ ಎಂಬ ಉತ್ತರ ಬಂದರೆ ಅರ್ಧ ಕೆಲಸ ಮುಗಿಯಿತು.

ಕಾರಣಗಳು ಸುಮಾರಾಗಿ ಇವು, ಒಂದೊಂದೂ ಬೇರೆ ಬೇರೆ ದಾರಿ ತೋರಿಸುತ್ತದೆ.

ಚೆಂಡಿನ ಭಯ. ವೇಗವಾಗಿ ಬರುವ ವಸ್ತುವನ್ನು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತದೆ, ಕೈ ಮುಖಕ್ಕೆ ಹೋಗುತ್ತದೆ. ಇಂಥ ಮಗುವಿಗೆ ಟೆನಿಸ್ಸೂ ಆಗಿಬರುವುದಿಲ್ಲ. ‘ಒಬ್ಬನೇ ಆಡುವ ಆಟ ತಾನೇ’ ಎಂದು ರಾಕೆಟ್ ಕೊಡಿಸಿದರೆ ಅದೇ ಭಯಕ್ಕೆ ಇನ್ನೊಂದು ಅಂಗಣ ಸಿಕ್ಕಂತೆ. ಈಜು, ಗೋಡೆ ಹತ್ತುವುದು, ಬಿಲ್ಲುಗಾರಿಕೆ, ಓಟ ನೋಡಿ.

ತನ್ನಿಂದ ತಂಡ ಸೋತಿತು ಎಂಬ ಭಾರ. ಆಟ ಬರುತ್ತದೆ, ಆದರೆ ಕ್ಯಾಚು ಬಿಟ್ಟ ದಿನ ರಾತ್ರಿ ನಿದ್ದೆ ಇಲ್ಲ. ತನ್ನ ತಪ್ಪಿನ ಬೆಲೆ ತಾನೊಬ್ಬನೇ ಕೊಡುವ, ನಿನ್ನೆಯ ತನ್ನನ್ನೇ ಇವತ್ತು ಮೀರಿಸುವ ಚಟುವಟಿಕೆ ಇವನಿಗೆ ಸರಿ.

ಕೊನೆಯಲ್ಲಿ ಉಳಿಯುವ ಅವಮಾನ. ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಆರಿಸಿಕೊಳ್ಳುತ್ತಾ ಹೋಗುವಾಗ ಕೊನೆಗೆ ಉಳಿಯುವುದು ಯಾರು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಇಲ್ಲಿ ತೊಂದರೆ ಇರುವುದು ಆಟದಲ್ಲಿ ಅಲ್ಲ, ಆ ಐದು ನಿಮಿಷದಲ್ಲಿ. ಶಾಲೆಯ ಸಹಪಾಠಿಗಳಿಲ್ಲದ ಬೇರೆ ಜಾಗಕ್ಕೆ ಹೋದರೆ ಅದೇ ಮಗು ಅದೇ ಆಟವನ್ನು ಆಡುವುದೂ ಉಂಟು.

ಗದ್ದಲ, ಸೀಟಿ, ಮೈಗೆ ಮೈ ತಾಗುವುದು. ಶಬ್ದಕ್ಕೆ ಕಿವಿ ಮುಚ್ಚುವ, ಅಂಗಿಯ ಲೇಬಲ್ಲು ಚುಚ್ಚುತ್ತದೆ ಎನ್ನುವ ಮಕ್ಕಳು ಇಲ್ಲಿ ಬರುತ್ತಾರೆ. ಒಳಾಂಗಣ ಸಭಾಂಗಣಗಳಲ್ಲಿ ಶಬ್ದ ಪ್ರತಿಧ್ವನಿಸಿ ಇನ್ನೂ ಜೋರಾಗುತ್ತದೆ, ಈಜುಕೊಳಗಳಲ್ಲಂತೂ ವಿಪರೀತ. ಆದ್ದರಿಂದ ಚಟುವಟಿಕೆ ಯಾವುದು ಎನ್ನುವುದಕ್ಕಿಂತ ಅದು ನಡೆಯುವ ಜಾಗ, ಅಲ್ಲಿನ ತಲೆ ಎಣಿಕೆ ಇವರಿಗೆ ಮುಖ್ಯ.

ಕಾಯುವ ಬೇಸರ. ಸರದಿಗಾಗಿ ಇಪ್ಪತ್ತು ನಿಮಿಷ ಬಿಸಿಲಲ್ಲಿ ನಿಂತು, ಎರಡು ನಿಮಿಷ ಆಡಿ, ಮತ್ತೆ ನಿಲ್ಲುವುದು. ಇದನ್ನು ಸೋಮಾರಿತನ ಎಂದುಕೊಳ್ಳುವವರೇ ಹೆಚ್ಚು. ಈ ಮಗುವಿಗೆ ಬೇಕಾಗಿರುವುದು ಇನ್ನೂ ಹೆಚ್ಚು ಓಡಾಟ.

ಸ್ಪರ್ಧೆಯೇ ಬೇಡ. ಯಾರು ಗೆದ್ದರೂ ಒಂದೇ, ಅಂಕ ಎಣಿಸುವುದೇ ಅರ್ಥವಿಲ್ಲದ ಕೆಲಸ ಎನ್ನುವ ಮಕ್ಕಳು. ಏನಾದರೂ ಮಾಡಿ ಮುಗಿಸಿ ಕೈಯಲ್ಲಿ ಹಿಡಿಯುವುದು ಇವರಿಗೆ ಇಷ್ಟ: ಮಣ್ಣು, ಮರ, ಬಣ್ಣ, ಕಂಪ್ಯೂಟರ್ ಕೋಡಿಂಗ್, ನಾಟಕ.

ಎರಡು ಮೂರು ಕಾರಣ ಒಟ್ಟಿಗಿದ್ದರೆ ಜೋರಾದದ್ದಕ್ಕೆ ಗುರುತು ಹಾಕಿ. ಇದರ ಜೊತೆಗೆ, ಯಾರೂ ಹೇಳದಿದ್ದಾಗ ಮಗು ಏನು ಮಾಡುತ್ತದೆ ಎಂಬುದನ್ನು ಎರಡು ವಾರ ಬರೆದಿಡಿ. ಸೋಫಾದ ಬೆನ್ನ ಮೇಲೆ ನಡೆಯುವವಳು, ಬಿಡಿಭಾಗ ಬಿಚ್ಚಿ ಹರಡುವವನು, ಆಟಿಕೆಗಳಿಗೆಲ್ಲ ಬೇರೆ ಬೇರೆ ದನಿ ಕೊಟ್ಟು ಮಾತಾಡಿಸುವವಳು. ಮಗು ಬಾಯಲ್ಲಿ ಹೇಳಿದ್ದಕ್ಕಿಂತ ಈ ಪುಟ ಹೆಚ್ಚು ಹೇಳುತ್ತದೆ.

ಹಂತ 2: ದೇಹದಲ್ಲಿ ಕಾರಣ ಇದೆಯೇ?

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಮೂರು ಸಂಗತಿ ನೋಡಬೇಕು.

ಮೊದಲನೆಯದು ಕಣ್ಣು. ದೂರದ್ದು ಮಸುಕಾಗಿರುವ ಮಗುವಿಗೆ ಚೆಂಡು ಕಾಣುವುದೇ ಅದು ಹತ್ತಿರ ಬಂದ ಮೇಲೆ. ತನಗೆ ಕಾಣುವಂತೆಯೇ ಎಲ್ಲರಿಗೂ ಕಾಣುತ್ತದೆ ಎಂದು ನಂಬಿರುವುದರಿಂದ ಅದು ದೂರು ಹೇಳುವುದಿಲ್ಲ. ಎರಡನೆಯದು ಉಸಿರು. ಓಡಿ ನಿಂತ ಐದು ಹತ್ತು ನಿಮಿಷದಲ್ಲಿ ಕೆಮ್ಮು ಹತ್ತುವುದು, ಎದೆ ಬಿಗಿಯುವುದು, ಸಿಳ್ಳೆಯಂಥ ಸದ್ದು ಬರುವುದು ವ್ಯಾಯಾಮದಿಂದ ಕೆರಳುವ ಅಸ್ತಮಾದ ಲಕ್ಷಣ. ವೈದ್ಯರು ಕೊಡುವ ಚಿಕಿತ್ಸೆಯಿಂದ ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ.

ಮೂರನೆಯದಕ್ಕೆ ಡೆವಲಪ್‌ಮೆಂಟಲ್ ಕೋಆರ್ಡಿನೇಶನ್ ಡಿಸಾರ್ಡರ್ ಎಂದು ಹೆಸರು. ಬುದ್ಧಿ ಚುರುಕಾಗಿದ್ದರೂ ಕೈಕಾಲಿನ ಚಲನೆಗಳನ್ನು ಹೊಂದಿಸಿಕೊಳ್ಳುವುದು ವಯಸ್ಸಿಗೆ ಮೀರಿ ಕಷ್ಟವಾಗುವ ಸ್ಥಿತಿ. 5ರಿಂದ 11 ವರ್ಷದ ಮಕ್ಕಳಲ್ಲಿ ಶೇಕಡ 5–6ರಷ್ಟು ಮಂದಿಗೆ ಇದು ಇರುತ್ತದೆ ಎಂಬ ಅಂದಾಜಿದೆ, ಅಂದರೆ ಸುಮಾರು ಇಪ್ಪತ್ತಕ್ಕೆ ಒಬ್ಬರು. ಬರೀ ಆಟದಲ್ಲಲ್ಲ, ಗುಂಡಿ ಹಾಕುವುದು, ಶೂ ಲೇಸು ಕಟ್ಟುವುದು, ಕತ್ತರಿ ಹಿಡಿಯುವುದು, ಅಕ್ಷರ ಬರೆಯುವುದು ಇವೆಲ್ಲದರಲ್ಲೂ ಪರದಾಟ ಕಂಡರೆ ಮಕ್ಕಳ ವೈದ್ಯರಿಗೆ ತೋರಿಸಿ. ಅವರು ಆಕ್ಯುಪೇಷನಲ್ ಥೆರಪಿಸ್ಟ್ ಹತ್ತಿರ ಕಳಿಸಬಹುದು, ಅಂದರೆ ದಿನನಿತ್ಯದ ಕೆಲಸಗಳಿಗೆ ದೇಹವನ್ನು ಪಳಗಿಸುವ ತಜ್ಞರು. ಇಂಥ ಮಗುವಿಗೆ ಈಜಿನಂತೆ ಒಂದೇ ಚಲನೆಯನ್ನು ಮರುಕಳಿಸುವ, ಜಾಗ ಬದಲಾಗದ ಚಟುವಟಿಕೆ ಒಗ್ಗುತ್ತದೆ. ಕಲಿಯಲು ಬೇರೆಯವರಿಗಿಂತ ಹೆಚ್ಚು ದಿನ ಹಿಡಿಯುತ್ತದೆ ಎಂದು ಕಲಿಸುವವರಿಗೆ ಮೊದಲೇ ಹೇಳಿಡಿ.

ಹಂತ 3: ವಾರದಲ್ಲಿ ಎಷ್ಟು ಜಾಗ ಇದೆ?

ಲೆಕ್ಕವನ್ನು ನಿದ್ದೆಯಿಂದ ಹಿಂದಕ್ಕೆ ಹಾಕಿ. 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂಬುದು ನಿದ್ರಾ ತಜ್ಞರ ಶಿಫಾರಸು. ಬೆಳಿಗ್ಗೆ ಆರೂವರೆಗೆ ಏಳಬೇಕಾದ ಎಂಟು ವರ್ಷದವಳು ಹತ್ತು ಗಂಟೆ ಮಲಗಬೇಕಾದರೆ ರಾತ್ರಿ ಎಂಟೂವರೆಗೆ ನಿದ್ದೆ ಹತ್ತಿರಬೇಕು. ಊಟ, ಸ್ನಾನ, ಹೋಂವರ್ಕು ಕಳೆದರೆ ಉಳಿಯುವುದು ಗಂಟೆ ಒಂದೂವರೆ ಗಂಟೆ. ಅದರಲ್ಲಿ ಹೋಗಿಬರುವ ಹೊತ್ತೂ ಸೇರಬೇಕು. ಒಂದು ಕಡೆಗೆ ಅರ್ಧ ಗಂಟೆ ಮೀರಿದರೆ ಎಷ್ಟೇ ಒಳ್ಳೆಯ ತರಗತಿಯಾದರೂ ಬಿಡಿ. ಮೊದಲ ತಿಂಗಳ ಹುಮ್ಮಸ್ಸಿನಲ್ಲಿ ಆ ದೂರ ಕಾಣುವುದಿಲ್ಲ, ಮಳೆಗಾಲದಲ್ಲಿ ಕಾಣುತ್ತದೆ.

ಮೈ ಓಡಾಡುವಂಥದ್ದು ಒಂದು, ಕೈಗೋ ತಲೆಗೋ ಕೆಲಸ ಕೊಡುವಂಥದ್ದು ಒಂದು, ಇಷ್ಟು ಸಾಕು. ವಾರದಲ್ಲಿ ಎರಡು ಸಂಜೆಯಾದರೂ ಏನೂ ಇಲ್ಲದೆ ಖಾಲಿ ಇರಲಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಷ್ಟು ಚಲಿಸಬೇಕು. ಮೂಳೆ, ಸ್ನಾಯು ಗಟ್ಟಿಮಾಡುವಂಥ ಚಟುವಟಿಕೆ ವಾರಕ್ಕೆ ಕನಿಷ್ಠ ಮೂರು ದಿನ ಇರಬೇಕು. ಈ 60 ನಿಮಿಷ ತರಗತಿಯಲ್ಲೇ ಆಗಬೇಕೆಂದಿಲ್ಲ. ಚೆಸ್ ಕ್ಲಾಸಿಗೆ ಬಿರುಸಾಗಿ ನಡೆದೋ ಸೈಕಲ್ಲಿನಲ್ಲೋ ಹೋದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಹಂತ 4: ಕಾರಣಕ್ಕೆ ತಕ್ಕ ಚಟುವಟಿಕೆ

ಗೋಡೆ ಹತ್ತುವುದನ್ನು, ಅಂದರೆ ಕ್ಲೈಂಬಿಂಗ್ ಅನ್ನು, ಹತ್ತಿರದಲ್ಲಿ ಸಿಗುವಂತಿದ್ದರೆ ಮೊದಲು ನೋಡಿ. ಟೋಕಿಯೊ 2020 ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಸೇರಿದ ಈ ಆಟದಲ್ಲಿ ಚೆಂಡಿಲ್ಲ, ತಂಡವಿಲ್ಲ, ಬಿದ್ದರೆ ಬೈಯುವವರಿಲ್ಲ. ಹಗ್ಗವಿಲ್ಲದೆ ನಾಲ್ಕೈದು ಮೀಟರ್ ಎತ್ತರದ ಗೋಡೆಯನ್ನು ದಪ್ಪ ಮೆತ್ತೆಯ ಮೇಲೆ ಹತ್ತುವುದು ಬೌಲ್ಡರಿಂಗ್. ಎತ್ತರದ ಗೋಡೆಯಲ್ಲಿ ಮಗುವಿನ ಸೊಂಟಕ್ಕೆ ಕಟ್ಟಿದ ಹಗ್ಗ ತುದಿಯ ಕೊಂಡಿ ಸುತ್ತಿ ಕೆಳಗೆ ಬಂದಿರುತ್ತದೆ. ಅದನ್ನು ಬಿಗಿಹಿಡಿದು ಕಾಯುವ ಕೆಲಸಕ್ಕೆ ಬಿಲೇ ಎನ್ನುತ್ತಾರೆ. ಹಿಡಿಗಳ ಬಣ್ಣ ನೋಡಿ ದಾರಿ ಆರಿಸಿಕೊಳ್ಳಬೇಕಾದ್ದರಿಂದ ಕಾಲು ಮೇಲಿಡುವ ಮೊದಲೇ ತಲೆ ಓಡಬೇಕು, ಒಗಟು ಬಿಡಿಸುವ ಮಕ್ಕಳಿಗೆ ಇದು ಹಿಡಿಸುತ್ತದೆ. ಹೊಸಬರು ಮಾಡುವ ತಪ್ಪು ಎಂದರೆ ತೋಳಿನಿಂದ ಮೈಯನ್ನು ಎಳೆಯುವುದು. ಹತ್ತು ನಿಮಿಷದಲ್ಲಿ ಮುಂಗೈ ಮರಗಟ್ಟುತ್ತದೆ, ‘ನನ್ನ ಕೈಲಾಗಲ್ಲ’ ಶುರುವಾಗುತ್ತದೆ. ಕಾಲಿನಿಂದ ಮೇಲಕ್ಕೆ ತಳ್ಳಬೇಕು, ಕೈ ಬರೀ ಹಿಡಿದಿರಬೇಕು. ಬೀಳುವಾಗ ಮಂಡಿ ಬಗ್ಗಿಸಿ ಬೆನ್ನ ಮೇಲೆ ಉರುಳಬೇಕು. ಕೈಯನ್ನು ಹಿಂದಕ್ಕೆ ಊರಿದರೆ ಮಣಿಕಟ್ಟಿಗೆ ಪೆಟ್ಟು. ಮೊದಲ ದಿನ ಇದನ್ನು ಕಲಿಸದೆ ಗೋಡೆಗೆ ಹತ್ತಿಸುವ ಕಡೆ ಬಿಡಬೇಡಿ. ತಾನೇ ಹಗ್ಗ ಬಿಗಿದುಕೊಳ್ಳುವ ಯಂತ್ರ ಇರುವ ಕಡೆ ಕೊಂಡಿ ಹಾಕಿಕೊಳ್ಳಲು ಮರೆತು ಹತ್ತಿಬಿಡುವುದೇ ದೊಡ್ಡ ಅಪಾಯ, ಪ್ರತಿ ಸಲವೂ ದೊಡ್ಡವರು ಕೊಂಡಿ ಮುಟ್ಟಿ ನೋಡಲೇಬೇಕು.

ಈಜು ಯಾವ ಕಾರಣಕ್ಕಾದರೂ ಹೊಂದುತ್ತದೆ, ಶಬ್ದದ ತೊಂದರೆ ಇದ್ದವರಿಗೆ ಜನ ಕಡಿಮೆ ಇರುವ ಹೊತ್ತು ಹುಡುಕಬೇಕು. ಕಲಿಕೆಯ ಕ್ರಮ: ನೀರಿನಲ್ಲಿ ಬಾಯಿಂದ ಗುಳ್ಳೆ ಬಿಡುವುದು, ಮುಖ ಮುಳುಗಿಸುವುದು, ತೇಲುವುದು, ಗೋಡೆ ಒದ್ದು ಜಾರುವುದು, ಕಾಲು ಬಡಿಯುವುದು, ಆಮೇಲೆ ಕೈ. ತೇಲುವುದು ಬರುವ ಮೊದಲೇ ಕೈ ಬೀಸಲು ಹಚ್ಚುವ ಆತುರದ ಕೋಚ್‌ಗಳಿದ್ದಾರೆ. ಆ ಮಗು ಕತ್ತು ಎತ್ತಿಕೊಂಡೇ ಈಜುತ್ತದೆ, ಬೇಗ ಸುಸ್ತಾಗುತ್ತದೆ. ಈಜು ಬಂದ ಮೇಲೂ ನೀರಿನ ಹತ್ತಿರ ಮಗುವನ್ನು ಒಂಟಿಯಾಗಿ ಬಿಡುವಂತಿಲ್ಲ.

ಜೂಡೊ, ಕರಾಟೆಗಳನ್ನು ಒಂದೇ ಎಂದುಕೊಂಡು ಸೇರಿಸುವವರಿದ್ದಾರೆ. ಜಿಗೊರೊ ಕಾನೊ 1882ರಲ್ಲಿ ಶುರುಮಾಡಿದ ಜೂಡೊದಲ್ಲಿ ಒಬ್ಬರನ್ನೊಬ್ಬರು ಹಿಡಿದು ಕೆಡವಬೇಕು, ಮೈ ತಾಗದೆ ಪಾಠವೇ ಇಲ್ಲ. ಕರಾಟೆಯಲ್ಲಿ ಕಾತಾ ಎಂಬ ಭಾಗವಿದೆ. ಗೊತ್ತಾದ ಹೆಜ್ಜೆ, ಹೊಡೆತ, ತಡೆಗಳ ಸಾಲನ್ನು ಒಬ್ಬರೇ ಮಾಡುವುದು. ಮೈ ತಾಗುವುದು ಬೇಡವಾದ ಮಗುವಿಗೆ ಕಾತಾಕ್ಕೆ ಒತ್ತು ಕೊಡುವ ತರಗತಿ ಹುಡುಕಿ. ಬೀಳುವ ಭಯ ಇದ್ದವರಿಗಾದರೆ ಜೂಡೊ ಒಳ್ಳೆಯದು, ಅಲ್ಲಿ ಮೊದಲು ಕಲಿಸುವುದೇ ಪೆಟ್ಟಾಗದೆ ಬೀಳುವುದನ್ನು. ಬೆಲ್ಟ್ ಪರೀಕ್ಷೆ ವರ್ಷಕ್ಕೆ ಎಷ್ಟು, ಪ್ರತಿ ಪರೀಕ್ಷೆಗೆ ಬೇರೆ ಫೀಸು ಎಷ್ಟು ಎಂದು ಮೊದಲೇ ಕೇಳಿ. ತಿಂಗಳ ಫೀಸು ಕಡಿಮೆ ಇದ್ದು ಪರೀಕ್ಷೆಯಲ್ಲಿ ವಸೂಲಾಗುವ ಲೆಕ್ಕವೂ ಇರುತ್ತದೆ.

ಬಿಲ್ಲುಗಾರಿಕೆ ನಿಧಾನಸ್ಥರ ಆಟ. ಸೇರುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಮಗು ಎರಡೂ ತೋಳು ಮುಂದಕ್ಕೆ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಅದರೊಳಗಿಂದ ದೂರದ ಗಡಿಯಾರ ನೋಡಲಿ. ಒಂದೊಂದೇ ಕಣ್ಣು ಮುಚ್ಚಿದಾಗ ಯಾವ ಕಣ್ಣಿಗೆ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೋ ಅದು ಪ್ರಧಾನ ಕಣ್ಣು. ಬಲಗಣ್ಣಾದರೆ ಬಲಗೈಯಿಂದ ದಾರ ಎಳೆಯುವ ಬಿಲ್ಲು, ಎಡಗಣ್ಣಾದರೆ ಎಡಗೈಯದು. ದಾರ ಎಳೆಯಲು ಬೇಕಾದ ಬಲಕ್ಕೆ ಡ್ರಾ ವೇಟ್ ಎನ್ನುತ್ತಾರೆ, ಪೌಂಡುಗಳಲ್ಲಿ ಅಳೆಯುತ್ತಾರೆ. ಹೊಸ ಮಕ್ಕಳಿಗೆ 10–15 ಪೌಂಡ್ ಸಾಕು. ಭುಜ ಕಿವಿಯ ಹತ್ತಿರ ಏರಿ ಕೈ ನಡುಗುತ್ತಿದ್ದರೆ ಬಿಲ್ಲು ಹೆಚ್ಚಾಯಿತು ಎಂದರ್ಥ. ಇಲ್ಲೂ ಸೀಟಿ ಇದೆ. ಆದರೆ ಎರಡು ಊದಿದರೆ ಗೆರೆಗೆ ಬನ್ನಿ, ಒಂದು ಊದಿದರೆ ಬಿಡಿ, ಮೂರು ಊದಿದರೆ ಬಾಣ ತನ್ನಿ ಎಂಬ ಗೊತ್ತಾದ ಸಂಕೇತ ಅದು. ಬೈಗುಳದ ಸೀಟಿಗೆ ಹೆದರುವ ಮಕ್ಕಳು ಇದಕ್ಕೆ ಒಗ್ಗಿಕೊಳ್ಳುತ್ತಾರೆ.

ಕಾಯಲಾರದವರಿಗೆ ಓರಿಯೆಂಟೀರಿಂಗ್ ಇದೆ. ನಕ್ಷೆ, ದಿಕ್ಸೂಚಿ ಹಿಡಿದು ಬಯಲಲ್ಲೋ ಕಾಡಲ್ಲೋ ಬಿಳಿ ಕಿತ್ತಳೆ ಬಣ್ಣದ ಗುರುತುಗಳನ್ನು ಹುಡುಕುತ್ತಾ ಓಡುವ ಆಟ. 1:10,000 ಅಳತೆಯ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 100 ಮೀಟರ್. ನಕ್ಷೆಯ ಮೇಲಿನ ಅಕ್ಷರ ನೆಟ್ಟಗಿರುವಂತೆ ಅದನ್ನು ಹಿಡಿಯುವುದು ಎಲ್ಲ ಮಕ್ಕಳೂ ಮಾಡುವ ತಪ್ಪು. ನೆಲದ ದಿಕ್ಕಿಗೆ ಹೊಂದುವಂತೆ ನಕ್ಷೆಯನ್ನೇ ತಿರುಗಿಸಿಕೊಳ್ಳಬೇಕು. ಸ್ಕೇಟಿಂಗ್, ಸೈಕಲ್, ನೃತ್ಯ ಇವೂ ಈ ಗುಂಪಿಗೇ ಸೇರುತ್ತವೆ.

ಕೂತು ಮಾಡುವುದರಲ್ಲಿ ಎಲ್ಲರ ಬಾಯಲ್ಲೂ ಮೊದಲು ಬರುವುದು ಚೆಸ್. ಚೆಂಡಿನ ಭಯಕ್ಕೆ ಅದು ಮದ್ದು, ಸೋಲಿನ ಭಯಕ್ಕೆ ಅಲ್ಲ. ಚೆಸ್ಸಿನಲ್ಲಿ ಸೋಲನ್ನು ಹಂಚಿಕೊಳ್ಳಲು ಯಾರೂ ಇಲ್ಲ, ದಾಳ ಸರಿ ಬೀಳಲಿಲ್ಲ ಎನ್ನುವ ಹಾಗೂ ಇಲ್ಲ. ಮುಟ್ಟಿದ ಕಾಯಿಯನ್ನೇ ನಡೆಸಬೇಕು ಎಂಬ ಟೂರ್ನಮೆಂಟ್ ನಿಯಮಕ್ಕೇ ಅತ್ತು ಎದ್ದುಬರುವ ಮಕ್ಕಳಿದ್ದಾರೆ. ಅಂಥವರಿಗೆ ಮೊದಲ ಆರು ತಿಂಗಳು ಪಂದ್ಯ ಬೇಡ, ‘ಎರಡು ನಡೆಯಲ್ಲಿ ಮಾತ್’ ಬಗೆಯ ಒಗಟುಗಳು ಸಾಕು. ಇಲ್ಲವೇ ರೂಬಿಕ್ಸ್ ಕ್ಯೂಬ್ ಹಿಡಿಸಿ. 1974ರಲ್ಲಿ ಹುಟ್ಟಿದ ಈ ಘನದ ಸ್ಪರ್ಧೆಯಲ್ಲೂ ಎದುರಾಳಿ ಗಡಿಯಾರವೇ. 3×3 ಕ್ಯೂಬಿನಲ್ಲಿ, ಬಿಡಿಸಲು ಶುರುಮಾಡುವ ಮೊದಲು ನೋಡಿಕೊಳ್ಳಲು 15 ಸೆಕೆಂಡು. ಸಾಮಾನ್ಯವಾಗಿ ಐದು ಸಲ ಬಿಡಿಸಿ, ಅತಿ ಒಳ್ಳೆಯದನ್ನೂ ಅತಿ ಕೆಟ್ಟದ್ದನ್ನೂ ಬಿಟ್ಟು ಉಳಿದ ಮೂರರ ಸರಾಸರಿ ತೆಗೆಯುತ್ತಾರೆ. ಒಂದು ಸಲ ಕೈ ತಪ್ಪಿದರೂ ಕ್ಷಮೆ ಇದೆ.

ಕೋಡಿಂಗ್‌ಗೆ ದುಡ್ಡು ಕಟ್ಟುವ ಮೊದಲು ಸ್ಕ್ರ್ಯಾಚ್ ತೋರಿಸಿ. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಆಟ, ಕತೆ ಮಾಡುವ ಈ ಸಾಧನವನ್ನು ಅಮೆರಿಕದ ಎಂಐಟಿ ಸಂಸ್ಥೆಯ ಮೀಡಿಯಾ ಲ್ಯಾಬ್ 2007ರಲ್ಲಿ ಬಿಡುಗಡೆ ಮಾಡಿತು. ಉಚಿತ, 8ರಿಂದ 16 ವರ್ಷದವರಿಗೆ. ಹತ್ತೂ ಮಕ್ಕಳ ಪರದೆಯ ಮೇಲೆ ಒಂದೇ ಬೆಕ್ಕು ಒಂದೇ ರೀತಿ ಕುಣಿಯುತ್ತಿದ್ದರೆ ಅದು ನಕಲು ಬರೆಸುವ ತರಗತಿ.

ನಾಟಕದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಗುಂಪು ಆಟ ಬೇಡ ಎನ್ನುವ ಮಗುವಿಗೆ ಗುಂಪೇ ಬೇಡ ಎಂದುಕೊಂಡು ಒಂಟಿ ಚಟುವಟಿಕೆಗಳನ್ನೇ ತಂದು ಸುರಿಯುವುದು ಪೋಷಕರು ಮಾಡುವ ದೊಡ್ಡ ತಪ್ಪು. ಎಷ್ಟೋ ಮಕ್ಕಳಿಗೆ ಜೊತೆ ಬೇಕು, ಚೆಂಡು ಮಾತ್ರ ಬೇಡ. ಅವರಿಗೆ ನಾಟಕ, ವಾದ್ಯವೃಂದ, ಗೋಷ್ಠಿಗಾಯನ, ಮಕ್ಕಳ ಪತ್ರಿಕೆ ಇವು ಒಳ್ಳೆಯ ತಾಣ. ವೇದಿಕೆಯ ಮೇಲೆ ನಿಲ್ಲಲು ನಾಚಿಕೆಯಾದರೆ ತೆರೆಯ ಹಿಂದೆ ಬೇಕಾದಷ್ಟು ಕೆಲಸವಿದೆ: ದೀಪ, ಸದ್ದು, ಉಡುಪು, ಪರಿಕರ. ಯಾವ ಮಾತಿಗೆ ಯಾವ ದೀಪ ಆರಬೇಕು ಎಂಬ ಸೂಚನೆಗೆ ಕ್ಯೂ ಎನ್ನುತ್ತಾರೆ. ಕತ್ತಲಲ್ಲಿ ಕೂತು ಹಸ್ತಪ್ರತಿಯ ಮೇಲೆ ಬೆರಳಿಟ್ಟುಕೊಂಡು ಆ ಒಂದು ಮಾತಿಗಾಗಿ ಕಾಯುವ ಹನ್ನೊಂದು ವರ್ಷದವಳ ಕೈಯಲ್ಲಿ ಇಡೀ ದೃಶ್ಯ ಇರುತ್ತದೆ, ಅವಳನ್ನು ಯಾರೂ ನೋಡುತ್ತಿರುವುದಿಲ್ಲ. ‘ನಿಮ್ಮಲ್ಲಿ ನಟಿಸದ ಮಕ್ಕಳಿಗೆ ಏನು ಕೆಲಸ?’ ಎಂದು ಕೇಳಿ. ‘ಎಲ್ಲರಿಗೂ ಪಾತ್ರ ಕೊಡ್ತೀವಿ’ ಎಂದಷ್ಟೇ ಹೇಳಿದರೆ ಅದು ನಿಮ್ಮ ಮಗುವಿನ ಜಾಗ ಅಲ್ಲ.

ಹಂತ 5: ಸೇರುವ ಮೊದಲು ಹೋಗಿ ನೋಡಿ

ಪ್ರದರ್ಶನದ ದಿನ ಬೇಡ, ಮಾಮೂಲಿ ದಿನ ಹೋಗಿ. ತೀರ ಚುರುಕೂ ಅಲ್ಲದ, ತೀರ ಹಿಂದುಳಿದೂ ಇರದ ಒಂದು ಮಗುವನ್ನು ಮನಸ್ಸಿನಲ್ಲೇ ಆರಿಸಿಕೊಳ್ಳಿ. ಗಡಿಯಾರ ಹಿಡಿದು ಹತ್ತು ನಿಮಿಷ ಅದನ್ನೇ ನೋಡಿ. ಎಷ್ಟು ನಿಮಿಷ ಏನಾದರೂ ಮಾಡುತ್ತಿತ್ತು, ಎಷ್ಟು ನಿಮಿಷ ಸಾಲಿನಲ್ಲಿ ನಿಂತಿತ್ತು? ಅರ್ಧಕ್ಕಿಂತ ಹೆಚ್ಚು ಹೊತ್ತು ನಿಂತೇ ಇದ್ದರೆ ಬೇರೆ ಕಡೆ ನೋಡಿ. ಇನ್ನೊಂದು: ಯಾರಾದರೂ ತಪ್ಪು ಮಾಡಿದ ಕ್ಷಣ ಕಲಿಸುವವರ ಮುಖ, ಉಳಿದ ಮಕ್ಕಳ ಮುಖ ನೋಡಿ. ಎಲ್ಲರೂ ನಕ್ಕು ಮೇಷ್ಟ್ರೂ ನಕ್ಕರೆ, ಮೈದಾನದಲ್ಲಿ ಬಿಟ್ಟುಬಂದದ್ದು ಇಲ್ಲೂ ಕಾದು ಕೂತಿದೆ.

ಕೇಳಬೇಕಾದ್ದು: ಒಬ್ಬ ಕಲಿಸುವವರಿಗೆ ಎಷ್ಟು ಮಕ್ಕಳು? ಸ್ಪರ್ಧೆಗೆ ಹೋಗದವರೂ ಮುಂದಿನ ಹಂತಕ್ಕೆ ಏರಬಹುದೇ? ಪ್ರಥಮ ಚಿಕಿತ್ಸೆ ಬಲ್ಲವರು ಯಾರು? ಪೋಷಕರು ಯಾವಾಗ ಬೇಕಾದರೂ ಬಂದು ನೋಡಬಹುದೇ? ಕೊನೆಯ ಪ್ರಶ್ನೆಗೆ ‘ಇಲ್ಲ’ ಎಂದರೆ ಮುಂದಿನ ಮಾತು ಬೇಡ. ಮುಚ್ಚಿದ ಬಾಗಿಲ ಹಿಂದೆ ಒಬ್ಬ ದೊಡ್ಡವರ ಜೊತೆ ಒಂದು ಮಗು ಇರುವ ಏರ್ಪಾಡು, ಮಗುವಿನ ಫೋನಿಗೆ ನೇರವಾಗಿ ಸಂದೇಶ ಕಳಿಸುವ ರೂಢಿ, ಬಟ್ಟೆ ಬದಲಿಸುವ ಕೋಣೆಗೆ ದೊಡ್ಡವರು ನುಗ್ಗುವುದು, ಇವಕ್ಕೆ ಯಾವ ಸಮಜಾಯಿಷಿಯನ್ನೂ ಒಪ್ಪಬೇಡಿ.

ಹಂತ 6: ಆರು ಸಲದ ಪ್ರಯೋಗ

ವರ್ಷದ ಫೀಸು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎನ್ನುತ್ತಾರೆ. ಕಟ್ಟಬೇಡಿ. ಕಟ್ಟಿದ ದಿನದಿಂದ ‘ಇಷ್ಟು ದುಡ್ಡು ಸುರಿದಿದ್ದೀವಿ’ ಎಂಬ ಮಾತು ನಿಮ್ಮ ಬಾಯಲ್ಲಿ ಕೂತಿರುತ್ತದೆ, ಮಗುವಿಗೆ ಅದು ಕೇಳಿಸಿಯೇ ಕೇಳಿಸುತ್ತದೆ. ತಿಂಗಳ ಲೆಕ್ಕದಲ್ಲಿ ಸೇರಿಸಿ, ಮಗುವಿನ ಜೊತೆ ಒಪ್ಪಂದ ಮಾಡಿಕೊಳ್ಳಿ: ಆರು ತರಗತಿ ಹೋಗಬೇಕು, ಆರನೆಯದು ಮುಗಿದ ಮೇಲೆ ಬೇಡ ಎಂದರೆ ನಾವು ಕಾರಣ ಕೇಳುವುದಿಲ್ಲ. ಆರು ಯಾಕೆಂದರೆ ಮೊದಲ ಎರಡು ಸಲ ಮಗು ಜಾಗಕ್ಕೆ ಹೊಂದಿಕೊಳ್ಳುವುದರಲ್ಲೇ ಕಳೆಯುತ್ತದೆ. ಒಪ್ಪಂದವನ್ನು ನೀವು ಮುರಿದರೆ ಮುಂದಿನ ಯಾವ ಪ್ರಯೋಗಕ್ಕೂ ಮಗು ಒಪ್ಪುವುದಿಲ್ಲ.

ಮೊದಲ ದಿನ ಹದಿನೈದು ನಿಮಿಷ ಮುಂಚೆ ಹೋಗಿ. ಶೌಚಾಲಯ ಎಲ್ಲಿ, ಚಪ್ಪಲಿ ಎಲ್ಲಿ ಬಿಡುವುದು, ನೀರು ಎಲ್ಲಿ, ನೀವು ಎಲ್ಲಿ ಕೂತಿರುತ್ತೀರಿ ಎಂದು ತೋರಿಸಿ. ಅಂಜುವ ಮಗುವಿನ ತಲೆಯಲ್ಲಿ ಓಡುವ ಪ್ರಶ್ನೆಗಳು ಇವೇ. ವಾಪಸು ಬರುವಾಗ ‘ಹೇಗಿತ್ತು?’ ಎಂದು ಮೇಲೆ ಬೀಳಬೇಡಿ. ಅದೇ ತಾನಾಗಿ ಏನಾದರೂ ಹೇಳಿದರೆ ಆ ಒಂದು ಸಾಲು ನೋಟ್‌ಬುಕ್ಕಿಗೆ ಸೇರಲಿ.

ಸಾಮಾನು ಈಗಲೇ ಕೊಳ್ಳಬೇಡಿ, ಬಾಡಿಗೆಗೋ ಎರವಲಿಗೋ ತನ್ನಿ. ಎರಡು ಕಡೆ ಮಾತ್ರ ಅಳತೆ ತಪ್ಪಬಾರದು. ವಯಲಿನ್ 1/16ರಿಂದ ಪೂರ್ಣ ಗಾತ್ರದವರೆಗೆ ಹಲವು ಅಳತೆಗಳಲ್ಲಿ ಬರುತ್ತದೆ. ಮಗು ಅದನ್ನು ಭುಜದ ಮೇಲಿಟ್ಟು ಎಡತೋಳು ಚಾಚಿದಾಗ ಸುರುಳಿ ತುದಿ ಅಂಗೈಯ ನಡುವೆ ಕೂತು, ಮೊಣಕೈ ಸ್ವಲ್ಪ ಬಾಗಿರಬೇಕು. ‘ಬೆಳೀತಾಳಲ್ಲ’ ಎಂದು ದೊಡ್ಡದನ್ನು ತಂದರೆ ಬೆರಳು ಎಟುಕದೆ ಅಪಸ್ವರ ಬರುತ್ತದೆ, ಬೈಸಿಕೊಳ್ಳುವುದು ಮಗು. ಎರಡನೆಯದು ಹೆಲ್ಮೆಟ್: ಅಂಚು ಹುಬ್ಬಿನಿಂದ ಎರಡು ಬೆರಳಗಲ ಮೇಲಿರಬೇಕು, ಪಟ್ಟಿಗಳು ಕಿವಿಯ ಕೆಳಗೆ ಕವೆಯಂತೆ ಕೂಡಬೇಕು, ಗಲ್ಲದ ಕೆಳಗೆ ಎರಡು ಬೆರಳಿಗಿಂತ ಹೆಚ್ಚು ತೂರಬಾರದು. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ಟನ್ನು, ಬಿರುಕು ಕಾಣದಿದ್ದರೂ, ಎಸೆಯಬೇಕು. ಹಳೆಯದನ್ನು ಎರವಲು ತರಬೇಡಿ ಎನ್ನುವುದು ಇದಕ್ಕೇ.

ಹಂತ 7: ಇರಲೋ ಬಿಡಲೋ

ತರಗತಿ ಇಲ್ಲದ ದಿನ ನೋಡಿ. ಅಡುಗೆಮನೆಯಲ್ಲಿ ಕಾತಾದ ಹೆಜ್ಜೆ ಹಾಕುತ್ತಿದ್ದರೆ, ಬಾಗಿಲ ಚೌಕಟ್ಟಿಗೆ ಜೋತುಬಿದ್ದರೆ, ಸಂಬಂಧವೇ ಇಲ್ಲದ ಮಾತಿನ ನಡುವೆ ‘ನಮ್ಮ ಕ್ಲಾಸಲ್ಲಿ’ ಎಂದು ಶುರುಮಾಡಿದರೆ ಹಿಡಿಸಿದೆ ಎಂದರ್ಥ. ಹೊರಡುವ ಹೊತ್ತಿನ ಗೊಣಗಾಟವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಇಷ್ಟವಾದದ್ದಕ್ಕೂ ಮಕ್ಕಳು ಸೋಫಾ ಬಿಟ್ಟು ಏಳಲು ಗೊಣಗುತ್ತಾರೆ. ಹೋದ ಹತ್ತು ನಿಮಿಷಕ್ಕೆ ಮುಖ ತಿಳಿಯಾಗುತ್ತದೆಯೇ ಎಂಬುದು ಮುಖ್ಯ. ಆದರೆ ಆ ದಿನಗಳಲ್ಲೇ ಬರುವ ಹೊಟ್ಟೆನೋವು, ಹಿಂದಿನ ರಾತ್ರಿ ಕೆಡುವ ನಿದ್ದೆ ಗೊಣಗಾಟವಲ್ಲ. ಆರು ಸಲ ಮುಗಿಯುವವರೆಗೆ ಕಾಯದೆ ನಿಲ್ಲಿಸಿ, ಅಲ್ಲಿ ಏನು ನಡೆಯಿತು ಎಂದು ಮೆಲ್ಲಗೆ ವಿಚಾರಿಸಿ.

ಬಿಡುವುದಾದರೆ ಮಗುವಿನ ಕೈಯಲ್ಲೇ ಕಲಿಸಿದವರಿಗೆ ಒಂದು ಮಾತು ಹೇಳಿಸಿ, ತಂದ ಸಾಮಾನು ವಾಪಸು ಕೊಡಿಸಿ. ಆಮೇಲೆ ಹಂತ 1ರ ಪುಟ ತೆಗೆಯಿರಿ. ಸಾಮಾನ್ಯವಾಗಿ ಅಲ್ಲಿ ಬರೆದ ಕಾರಣಗಳ ಕ್ರಮ ತಪ್ಪಿರುತ್ತದೆ: ಚೆಂಡು ಎಂದುಕೊಂಡಿದ್ದು ಗದ್ದಲವಾಗಿರುತ್ತದೆ.

ಹಂತ 8: ಹತ್ತಿರದಲ್ಲಿ ಏನೂ ಸಿಗದಿದ್ದರೆ

ವಾರಕ್ಕೊಂದು ದಿನ, ಗೊತ್ತಾದ ಒಂದು ಗಂಟೆ, ಎರಡು ಮೂರು ಮಕ್ಕಳು, ನಾಲ್ಕು ವಾರಕ್ಕೆ ಒಂದೇ ವಿಷಯ. ಇಷ್ಟಿದ್ದರೆ ಮನೆಯಲ್ಲೇ ಒಂದು ಕೂಟ ಆಗುತ್ತದೆ. ಕ್ಯೂಬ್, ಸ್ಕ್ರ್ಯಾಚ್, ಸುತ್ತಲಿನ ಹಕ್ಕಿಗಳ ಪಟ್ಟಿ, ಬೀಜ ಬಿತ್ತಿ ದಿನಾ ಅಳೆಯುವುದು ಎಲ್ಲವೂ ನಡೆಯುತ್ತದೆ. ಮೈಗೂ ಕೆಲಸ ಬೇಕೆಂದರೆ ಮೂರು ಚೆಂಡು ಎಸೆದಾಡುವ ಜಗ್ಲಿಂಗ್ ಹಿಡಿಸಿ. ಚೆಂಡಿಗೆ ಹೆದರುವ ಮಗುವೂ ಇದಕ್ಕೆ ಒಪ್ಪುವುದುಂಟು, ಇಲ್ಲಿ ಚೆಂಡು ಬರುವುದು ತನ್ನ ಕೈಯಿಂದಲೇ.

ಸುತ್ತಿ ಉಂಡೆ ಮಾಡಿದ ಮೂರು ಜೊತೆ ಕಾಲುಚೀಲ ಸಾಕು, ಬಿದ್ದರೆ ಉರುಳಿ ಹೋಗುವುದಿಲ್ಲ. ಮಂಚದ ಎದುರು ನಿಲ್ಲಿಸಿ, ಎತ್ತಿಕೊಳ್ಳಲು ಬಗ್ಗುವ ಶ್ರಮ ಕಡಿಮೆ. ಮೊದಲ ವಾರ ಒಂದೇ ಉಂಡೆ: ಬಲಗೈಯಿಂದ ಎಡಗೈಗೆ, ಕಣ್ಣಿನ ಎತ್ತರಕ್ಕೆ ಕಮಾನಿನಂತೆ. ಎರಡನೇ ವಾರ ಎರಡು: ಮೊದಲನೆಯದು ತುದಿಗೇರಿದ ಕ್ಷಣ ಎರಡನೆಯದನ್ನು ಅದರ ಕೆಳಗಿನಿಂದ ಎಸೆಯಬೇಕು. ‘ಎಸೆ, ಎಸೆ, ಹಿಡಿ, ಹಿಡಿ’ ಎಂದು ಬಾಯಲ್ಲಿ ಹೇಳಿಕೊಂಡರೆ ತಾಳ ಸಿಗುತ್ತದೆ. ಎಲ್ಲರೂ ಎಡವುವುದು ಇಲ್ಲೇ. ಎರಡನೇ ಉಂಡೆಯನ್ನು ಎಸೆಯದೆ ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸಿಬಿಡುತ್ತಾರೆ. ಹಾಗಾದರೆ ಎಡಗೈಯಿಂದ ಶುರುಮಾಡಿಸಿ. ಮೂರನೇ ವಾರ ಬಲಗೈಯಲ್ಲಿ ಎರಡು, ಎಡಗೈಯಲ್ಲಿ ಒಂದು. ಮೂರು ಎಸೆತ, ಮೂರು ಹಿಡಿತ, ನಿಲ್ಲಿಸು. ಎಸೆಯುತ್ತಾ ಮುಂದೆ ಮುಂದೆ ನಡೆದುಹೋಗುತ್ತಿದ್ದರೆ ಗೋಡೆಗೆ ಮುಖ ಮಾಡಿ ಒಂದು ತೋಳಿನಷ್ಟು ದೂರದಲ್ಲಿ ನಿಲ್ಲಿಸಿ. ದಿನಕ್ಕೆ ಹತ್ತು ನಿಮಿಷ ಸಾಕು, ಭುಜ ನೋಯುವ ಮೊದಲೇ ಬಿಡಿಸಿ.